ನಿಮ್ಮೂರ ಬೋರ್‌ವೆಲ್ ನೀರೇ ನಿಮ್ಮ ಇಂಟರ್ನ್‌ಶಿಪ್

ಡಿಗ್ರಿ ಮುಗಿಯುವಷ್ಟರಲ್ಲಿ ಇಂಟರ್ನ್‌ಶಿಪ್ ಆಗಬೇಕು ಅಂತ ಎಷ್ಟೋ ಮಕ್ಕಳು ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ತರಿಸಿಕೊಳ್ಳುತ್ತಾರೆ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿ ಕಡೆಯ ಬಿ.ಎಸ್ಸಿ ವಿದ್ಯಾರ್ಥಿಗೆ ಅದು ಬೇಕೇ ಇಲ್ಲ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಜಾಸ್ತಿಯಾದರೆ ಅದು ಹಲ್ಲು, ಮೂಳೆ ಕೆಡಿಸುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ನೀವು ನೀರು ಪರೀಕ್ಷಿಸುವುದನ್ನು ಕಲಿಯುತ್ತೀರಿ. ಇವೆರಡನ್ನೂ ಜೋಡಿಸಿದರೆ ಊರಿಗೂ ಉಪಯೋಗ, ನಿಮಗೂ ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್.

ಮೊದಲು ಪ್ರಶ್ನೆ ಹುಡುಕಿ. ಅದು ಚಿಕ್ಕದಾಗಿರಲಿ: ನಮ್ಮ ಪಂಚಾಯಿತಿಯ ಯಾವ ಬೋರ್‌ವೆಲ್ ನೀರು ಕುಡಿಯಬಹುದು, ಯಾವುದು ಬೇಡ? ನೀರುಗಂಟಿ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರನ್ನು ಮಾತಾಡಿಸಿ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಜಾಸ್ತಿ ಕಾಣುತ್ತದೆಯೇ ಅಂತ ಮೇಷ್ಟ್ರಿಗೆ ಗೊತ್ತಿರುತ್ತದೆ. ಯಾವ ಬೋರ್‌ವೆಲ್‌ನಿಂದ ಯಾವ ಬೀದಿಗೆ ನೀರು ಹೋಗುತ್ತದೆ ಅನ್ನುವುದು ನೀರುಗಂಟಿಗೆ ಬಾಯಿಪಾಠ.

ಕೆಲಸ ಶುರು ಮಾಡುವ ಮುಂಚೆಯೇ ಎಚ್‌ಒಡಿ, ಅಂದರೆ ನಿಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ಮುಗಿದ ಮೇಲೆ ಕ್ರೆಡಿಟ್ ಕೇಳಿದರೆ ಸಿಗುವುದು ಕಷ್ಟ. ಯುಜಿಸಿ ಲೆಕ್ಕದಲ್ಲಿ 30 ಗಂಟೆಯ ಇಂಟರ್ನ್‌ಶಿಪ್‌ಗೆ 1 ಕ್ರೆಡಿಟ್. ನಿಮ್ಮ ಸಿಲಬಸ್‌ನಲ್ಲಿ ಇಂಟರ್ನ್‌ಶಿಪ್ ಇಲ್ಲದಿದ್ದರೆ ಪ್ರಾಜೆಕ್ಟ್ ಪೇಪರ್ ಇದೆಯೇ ನೋಡಿ. ಅದೂ ಇಲ್ಲವೇ? ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಇದ್ದೇ ಇದೆ. ಕಾಲೇಜುಗಳನ್ನು ಹಳ್ಳಿಗಳ ಜೊತೆ ಜೋಡಿಸುವ ಕೇಂದ್ರದ ಉನ್ನತ ಭಾರತ ಅಭಿಯಾನಕ್ಕೆ ನಿಮ್ಮ ಕಾಲೇಜು ಸೇರಿದ್ದರೆ ದತ್ತು ಪಡೆದ ಹಳ್ಳಿಗಳು ಇರುತ್ತವೆ, ಅಲ್ಲಿಂದಲೇ ಶುರು ಮಾಡಬಹುದು.

ನೀರು ಪರೀಕ್ಷೆಗೆ ಅನುಮತಿ ಕೇಳುವ, ಪ್ರಿನ್ಸಿಪಾಲರ ಸಹಿ, ಸೀಲು ಇರುವ ಪತ್ರವನ್ನು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಪಂಚಾಯಿತಿಗೆ ಕೊನೆಯಲ್ಲಿ ಏನು ಸಿಗುತ್ತದೆ ಅನ್ನುವುದನ್ನು ಪತ್ರದಲ್ಲೇ ಬರೆಯಿರಿ.

ಇನ್ನು ನೀರು ಹಿಡಿಯುವ ಕೆಲಸ. ಇಲ್ಲಿ ಅವಸರ ಬೇಡ. ಮೋಟಾರ್ ಹಾಕಿ ಕೆಲವು ನಿಮಿಷ ನೀರು ಹರಿಯಲು ಬಿಡಿ. ಇಲ್ಲವಾದರೆ ಪೈಪಿನಲ್ಲಿ ನಿಂತ ನೀರು ಬರುತ್ತದೆ. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಇರಲಿ. ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಬೋರ್‌ವೆಲ್ ಇರುವ ಜಾಗ, ತಾರೀಖು, ಹೊತ್ತು ಮೂರನ್ನೂ ಅಲ್ಲೇ ಬರೆದು ಅಂಟಿಸಿ. ಮನೆಗೆ ಹೋಗಿ ಬರೆಯೋಣ ಅಂದರೆ ಬಾಟಲಿಗಳು ಅದಲುಬದಲಾಗುತ್ತವೆ. ಗಡಸುತನಕ್ಕೆ ನಿಮಗೆ ಗೊತ್ತಿರುವ ಇಡಿಟಿಎ ಟೈಟ್ರೇಷನ್ ಸಾಕು. ಫ್ಲೋರೈಡ್‌ಗೆ ಬಣ್ಣ ನೋಡಿ ಹೇಳುವ ಫೀಲ್ಡ್ ಟೆಸ್ಟ್ ಕಿಟ್ ಪಂಚಾಯಿತಿಯಲ್ಲಿ ಇದೆಯೇ ಕೇಳಿ. ಜಲ ಜೀವನ್ ಮಿಷನ್‌ನಲ್ಲಿ ಇಂಥ ಕಿಟ್‌ಗಳನ್ನು ಹಂಚಿದ್ದಾರೆ. ಪ್ರತಿ ದಿನದ ಕೆಲಸ, ಗಂಟೆ ಎಲ್ಲವೂ ಲಾಗ್ ಪುಸ್ತಕದಲ್ಲಿರಲಿ. ವಾರಕ್ಕೊಮ್ಮೆ ಕಾಲೇಜಿನ ಗೈಡ್ ಹತ್ತಿರ ಸಹಿ ಹಾಕಿಸಿ.

ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಬಂದರೆ ತಕ್ಷಣ ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ. ಕಿಟ್ ತೋರಿಸುವುದು ಅಂದಾಜು ಮಾತ್ರ. ಅಂಥ ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಕಳಿಸಿ ಖಚಿತ ಮಾಡಿಕೊಳ್ಳಿ. ಜನ ಭಯಪಟ್ಟರೆ ಅದಕ್ಕೆ ನೀವೇ ಹೊಣೆ, ಅಲ್ವಾ?

ವರದಿ ಕಾಲೇಜಿಗೆ ಒಂದು, ಊರಿಗೆ ಒಂದು. ಊರಿನದು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿರಲಿ. ಯಾವ ನೀರು ಕುಡಿಯಲು, ಯಾವುದು ಬಳಕೆಗೆ ಮಾತ್ರ ಅನ್ನುವುದು ದೊಡ್ಡ ಅಕ್ಷರದಲ್ಲಿರಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಕುದಿಸಿದ ನೀರು ಒಳ್ಳೆಯದು ಅಂತ ನಂಬಿರುವ ಊರಲ್ಲಿ ಇದನ್ನು ಹೇಳಲೇಬೇಕು. ಗ್ರಾಮಸಭೆ ಯಾವಾಗ ಅಂತ ಪಿಡಿಒ ಅವರನ್ನು ಕೇಳಿ, ಅಲ್ಲಿ ಎದ್ದು ನಿಂತು ಓದಿ ಹೇಳಿ. ಸಭೆಯ ನಡಾವಳಿಯಲ್ಲಿ ವರದಿ ದಾಖಲಾಗುವಂತೆ ಕೇಳಿಕೊಳ್ಳಿ. ಆ ಪುಟದ ಪ್ರತಿ ಮತ್ತು ಪಿಡಿಒ ಕೊಡುವ ಪ್ರಮಾಣಪತ್ರ ಎರಡನ್ನೂ ಪ್ರಾಜೆಕ್ಟ್ ರಿಪೋರ್ಟ್‌ಗೆ ಸೇರಿಸಿ ವೈವಾಗೆ ಒಯ್ಯಿರಿ.