ಶಾಖೆಗಳಿಗೆ ಕಾಲ್‌ಬ್ಯಾಕ್ ಜೋಡಿಸಿದ್ದು ಹೀಗೆ: ಒಳಗೆ ಬರಲು ಒಂದು ಲೈನು, ತಿರುಗಿ ಕರೆಯಲು ಇನ್ನೊಂದು

ಕಾಸರಗೋಡು ಪೇಟೆಯ ಮುಖ್ಯ ಕಚೇರಿಗೆ ಪೆರ್ಲ, ಬದಿಯಡ್ಕ, ಉಪ್ಪಳದ ಶಾಖೆಗಳಿಂದ ಅಡಿಕೆ ಖರೀದಿಯ ದಿನದ ಲೆಕ್ಕ ಸಂಜೆ ಬರಬೇಕಿತ್ತು. ಆಗ ಇದ್ದ ದಾರಿ ಟೆಲಿಫೋನ್ ಲೈನ್ ಒಂದೇ. ಶಾಖೆ ಕರೆದಾಗ ಕಚೇರಿ ಆ ಕರೆ ಕಡಿದು ತಾನೇ ತಿರುಗಿ ಕರೆಯುವುದು, ಅದೇ ಕಾಲ್‌ಬ್ಯಾಕ್. ಎರಡೂ ತುದಿಗೆ ಲಿನಕ್ಸ್, ಬಂದ ಕರೆ ಎತ್ತುವ ಎಂಗೆಟ್ಟಿ, ಫೋನ್ ಲೈನಿನ ಮೇಲೆ ಪಿಪಿಪಿ ಎಂಬ ನೆಟ್‌ವರ್ಕ್ ಸಂಪರ್ಕ ನಡೆಸುವ ಪಿಪಿಪಿಡಿ ಮತ್ತು ಡೇಟಾವನ್ನು ಫೋನ್ ಲೈನಿನಲ್ಲಿ ಸಾಗಿಸುವ, ಹೊರಗೆ ಇಡುವ ಮೋಡೆಮ್ ಹಾಕಿದೆವು.

ಡಬ್ಬದ ಮೇಲೆ 56ಕೆ ಎಂದಿದ್ದರೂ ಆ ವೇಗ ಸಿಗುವುದಿಲ್ಲ. 56ಕೆಯ ಮಾನದಂಡವಾದ ವಿ.90ಗೆ ಒಂದು ತುದಿ ಡಿಜಿಟಲ್ ಆಗಿರಲೇಬೇಕು. ಎರಡೂ ಕಡೆ ಸಾಮಾನ್ಯ ಲೈನ್ ಇದ್ದರೆ ಅದಕ್ಕೂ ಹಿಂದಿನ ಮಾನದಂಡ ವಿ.34ರ, ಸೆಕೆಂಡಿಗೆ 33,600 ಬಿಟ್ಸ್‌ಗೆ ಮಿತಿ. ಒಳನಾಡಿನ ಲೈನಿನಲ್ಲಿ 26,400 ಸಿಕ್ಕರೂ ಸಾಕೆನ್ನಬೇಕು. ಆ ವೇಗದಲ್ಲಿ 1 ಎಂಬಿ ಫೈಲ್ ಹೋಗಲು ಐದು ನಿಮಿಷಕ್ಕೂ ಹೆಚ್ಚು ಬೇಕು. ಹಾಗಾಗಿ ಕಂಪ್ರೆಷನ್, ಅಂದರೆ ಡೇಟಾವನ್ನು ಹಿಂಡಿ ಚಿಕ್ಕದು ಮಾಡುವುದು, ಬಿಟ್ಟು ಗತಿಯಿಲ್ಲ.

ಕಂಪ್ರೆಸ್ ಮಾಡಬಹುದಾದ ಜಾಗ ಮೂರು: ಫೈಲಿನಲ್ಲೇ, ಪಿಪಿಪಿಯಲ್ಲಿ, ಮೋಡೆಮಿನೊಳಗೇ ಇರುವ ಹಿಂಡುವ ವಿಧಾನ ವಿ.42ಬಿಸ್‌ನಲ್ಲಿ. ಒಂದೇ ಕಡೆ ಮಾಡಿ. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದರೆ ರಸ ಬರುವುದಿಲ್ಲ. ಮೋಡೆಮಿನ ಹಳೆಯ ಹಿಂಡುವ ವಿಧಾನ ಎಂಎನ್‌ಪಿ5 ಆದರಂತೂ ಡೇಟಾ ಉಬ್ಬುತ್ತದೆ. ನಾವು ಆರಿಸಿದ್ದು ಪಿಪಿಪಿಡಿಯ ಡಿಫ್ಲೇಟ್ ಎಂಬ ಹಿಂಡುವ ವಿಧಾನ, ಅದರ ಸೆಟ್ಟಿಂಗ್ 15. ಅಂದರೆ 32 ಕೆಬಿ ಹಿಂದಿನ ತನಕ ನೋಡಿ ಪುನರಾವರ್ತನೆ ಹುಡುಕುತ್ತದೆ. ಮೋಡೆಮಿನ ನಿಘಂಟು, ಅಂದರೆ ಹಿಂದೆ ಕಂಡ ತುಣುಕುಗಳ ನೆನಪು, ಅದಕ್ಕಿಂತ ಬಹಳ ಚಿಕ್ಕದು. ರಾಕ್‌ವೆಲ್ ಚಿಪ್‌ನ ಮೋಡೆಮಿನಲ್ಲಿ ಎಟಿ%ಸಿ0 ಎಂಬ ಆಜ್ಞೆ ಕೊಟ್ಟು ಅದರ ಕಂಪ್ರೆಷನ್ ನಿಲ್ಲಿಸಿದೆವು, ಆದರೆ ವಿ.42ರ ದೋಷ ತಿದ್ದುವಿಕೆಯನ್ನು ಹಾಗೇ ಉಳಿಸಿದೆವು.

ಕನ್ನಡದ ಫೈಲಿಗೆ ಇದರಿಂದ ಸಿಗುವ ಲಾಭ ದೊಡ್ಡದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ‘ಅಡಿಕೆ’ ಎಂಬ ಪದವನ್ನೇ ಬಿಡಿಸಿ ನೋಡಿ: ಅ, ಡ, ಇಕಾರ, ಕ, ಎಕಾರ, ಒಟ್ಟು ಐದು ಸಂಕೇತ, 15 ಬೈಟ್. ಅದರಲ್ಲಿ ಪ್ರತಿ ಮೂರರ ಮೊದಲೆರಡು ಬೈಟ್, ಹೆಕ್ಸ್ ಎಂಬ 16ರ ಅಂಕಪದ್ಧತಿಯಲ್ಲಿ, ಇ0 ಬಿ2, ಇಲ್ಲವೇ ಇ0 ಬಿ3. ಮಲಯಾಳಂ ಹೆಸರು ಬಂದಾಗ ಇ0 ಬಿ4 ಅಥವಾ ಇ0 ಬಿ5. ಇಷ್ಟು ಪುನರಾವರ್ತನೆ ಇರುವ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಬಿಲ್ಲಿನ ಜೆಪೆಗ್ ಚಿತ್ರ ಮಾತ್ರ ಒಂದಿಷ್ಟೂ ಕುಗ್ಗದು.

ಇಲ್ಲಿ ಎಡವುವುದು ಕಂಪ್ಯೂಟರನ್ನು ಮೋಡೆಮಿಗೆ ಜೋಡಿಸುವ ಸೀರಿಯಲ್ ಕೇಬಲಿನಲ್ಲಿ. ಡೇಟಾ ಬಿಡು, ತಡೆ ಎಂದು ಸೂಚಿಸುವ ಆರ್‌ಟಿಎಸ್, ಸಿಟಿಎಸ್ ತಂತಿಗಳಿಲ್ಲದ ಅಗ್ಗದ ಕೇಬಲ್ ಹಾಕಿ, ಆ ಸೂಚನೆಯನ್ನು ಡೇಟಾದ ನಡುವೆಯೇ ಕಳುಹಿಸುವ ಎಕ್ಸ್‌ಆನ್-ಎಕ್ಸ್‌ಆಫ್‌ಗೆ ಬಿಟ್ಟರೆ, ಡೇಟಾದಲ್ಲಿ ಬರುವ 11 ಮತ್ತು 13ರ ಹೆಕ್ಸ್ ಬೈಟನ್ನು ‘ಹೋಗು’, ‘ನಿಲ್ಲು’ ಎಂಬ ಆಜ್ಞೆಯೆಂದು ನುಂಗಿಬಿಡುತ್ತದೆ. ಡೇಟಾದ ಆ ಕಂತು ಕೆಡುತ್ತದೆ, ಎರಡೂ ಕಡೆಯ ನಿಘಂಟು ತಾಳ ತಪ್ಪುತ್ತದೆ, ಲಾಗ್‌ನಲ್ಲಿ ಸಿಸಿಪಿ (ಪಿಪಿಪಿಯ ಕಂಪ್ರೆಷನ್ ನಿಯಂತ್ರಣ) ರಿಸೆಟ್‌ಗಳ ಸಾಲು ಕಾಣುತ್ತದೆ. ಲೈನನ್ನು ದೂರುವ ಮುಂಚೆ ಕೇಬಲ್ ನೋಡಿ. ಕೇಬಲಿನ ವೇಗ 57,600 ಇಟ್ಟರೆ ಸಾಕು.

ಇನ್ನು ಕಾಲ್‌ಬ್ಯಾಕ್. ಶಾಖೆ ಕರೆ ಮಾಡಿ ತನ್ನ ಹೆಸರು ಕೊಡುತ್ತದೆ, ಕಚೇರಿ ಲೈನ್ ಕಡಿದು, ಆ ಹೆಸರಿಗೆ ಮೊದಲೇ ಬರೆದಿಟ್ಟ ನಂಬರಿಗೆ ತಾನೇ ಕರೆಯುತ್ತದೆ. ಎಂಗೆಟ್ಟಿಯ ಲಾಗಿನ್.ಕಾನ್ಫಿಗ್ ಫೈಲಿನಲ್ಲಿ ಶಾಖೆಗೊಂದು ಸಾಲು. ಉಪ್ಪಳದಂಥ ಕಡೆಗೆ 04998 ಕೋಡ್ ಸೇರಿಸಿಯೇ ಬರೆಯಬೇಕು. ನಂಬರನ್ನು ಕರೆದವರೇ ಹೇಳುವಂತೆ ಬಿಟ್ಟರೆ ಬಿಲ್ ಕಚೇರಿಗೆ ಬೀಳುತ್ತದೆಯೇ ಹೊರತು ಭದ್ರತೆ ಸೊನ್ನೆ. ಶಾಖೆಯ ಚಾಟ್ ಸ್ಕ್ರಿಪ್ಟ್ (ಮೋಡೆಮಿಗೆ ಆಜ್ಞೆ ಕೊಟ್ಟು ಉತ್ತರಕ್ಕೆ ಕಾಯುವ ಪಟ್ಟಿ), ಲೈನ್ ಕಡಿದ ಗುರುತಾದ ‘ನೋ ಕ್ಯಾರಿಯರ್’ ಕಂಡ ಮೇಲೆ ‘ರಿಂಗ್’ಗೆ ಕಾದು, ಕರೆ ಎತ್ತುವ ಆಜ್ಞೆ ಎಟಿಎ ಕೊಡಬೇಕು. ಚಾಟ್ ತಾನಾಗಿ ಕಾಯುವುದು 45 ಸೆಕೆಂಡ್ ಮಾತ್ರ. ಎಸ್‌ಟಿಡಿ ಕರೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. 90 ಇಡಿ.

ನಿಜವಾದ ತೂತು ಇರುವುದು ಬೇರೆ ಕಡೆ. ಕೆಲವು ಎಕ್ಸ್‌ಚೇಂಜುಗಳಲ್ಲಿ ಕರೆದವನು ರಿಸೀವರ್ ಇಡುವ ತನಕ ಲೈನ್ ಕಡಿಯುವುದಿಲ್ಲ. ಕಳ್ಳ ಕರೆದವನು ಹಾಗೇ ಕೂತರೆ, ನಮ್ಮ ಮೋಡೆಮ್ ಅವನ ಕಿವಿಗೇ ನಂಬರ್ ಒತ್ತಿ, ಅವನ ಮೋಡೆಮಿಗೇ ಜೋಡಿಕೊಳ್ಳುತ್ತದೆ. ಡಯಲ್ ಟೋನ್‌ಗೆ ಕಾಯುವ ಎಟಿಎಕ್ಸ್4 ಇದಕ್ಕೆ ಸ್ವಲ್ಪ ತಡೆ, ಆದರೆ ಅವನು ಟೋನನ್ನೂ ನುಡಿಸಬಲ್ಲ. ನಮ್ಮ ಕಡೆಯ ಟೋನ್ ಮೋಡೆಮಿಗೆ ತಿಳಿಯದೆ, ಟೋನಿಗೆ ಕಾಯದ ಎಕ್ಸ್3 ಹಾಕಿಕೊಂಡವರಂತೂ ಆ ತಡೆಯನ್ನೂ ತೆಗೆದಂತಾಯಿತು. ಅದಕ್ಕೇ ಕರೆ ಬರಲು ಒಂದು ಮೋಡೆಮ್, ತಿರುಗಿ ಕರೆಯಲು ಬೇರೆ ಲೈನಿನ ಇನ್ನೊಂದು ಮೋಡೆಮ್ ಇಟ್ಟೆವು. ಎರಡನೆಯ ಲೈನಿನ ನಂಬರ್ ಯಾರಿಗೂ ಕೊಡಲಿಲ್ಲ, ಅದಕ್ಕೆ ಒಳಕರೆ ಬಂದ್. ತಿಂಗಳ ಬಾಡಿಗೆ ಇನ್ನೊಂದು ಲೈನಿನದು ಹೆಚ್ಚಾಯಿತು, ಕೊಡತಕ್ಕ ಹಣವೇ.

ಶಾಖೆಯ ಫೋನಿನ ಕಾಲ್ ಫಾರ್ವರ್ಡಿಂಗನ್ನು ಎಕ್ಸ್‌ಚೇಂಜಿನಲ್ಲೇ ತೆಗೆಸಬೇಕು, ಇಲ್ಲದಿದ್ದರೆ ನಮ್ಮ ಕರೆ ಎಲ್ಲಿಗೆ ಹೋಗಿ ಮುಟ್ಟೀತೋ ಹೇಳಲಾಗದು. ಕಾಲ್ ವೇಟಿಂಗ್ ಕೂಡ ಬೇಡ, ಅದರ ಒಂದು ಬೀಪ್‌ಗೆ ಸಂಪರ್ಕ ಬೀಳಬಹುದು. ಕಾಲ್‌ಬ್ಯಾಕ್ ಆಯಿತೆಂದು ಗುರುತು ಕೇಳುವುದನ್ನು ಬಿಡಬೇಡಿ: ಎರಡನೆಯ ಕರೆಯಲ್ಲೂ ಚ್ಯಾಪ್ (ಗುಟ್ಟಿನ ಪದದಿಂದ ಗುರುತು ಪರೀಕ್ಷೆ) ಕಡ್ಡಾಯ, ಆ ಗುಟ್ಟಿನ ಫೈಲಿಗೆ ಅನುಮತಿ 600, ಅಂದರೆ ಒಡೆಯನಿಗೆ ಮಾತ್ರ. ತುಲಾಮಾಸದ ಗುಡುಗು ಮಳೆ ಶುರುವಾದರೆ ಕೆಲಸ ಮುಗಿದ ಕೂಡಲೇ ಮೋಡೆಮಿನಿಂದ ಫೋನ್ ತಂತಿ ಕಿತ್ತಿಡುವುದು ಶಾಖೆಯವರ ಪಾಠ.

ಈಗ ಅದೇ ಶಾಖೆಗಳಿಗೆ ಫೈಬರ್ ಬಂದಿದೆ, ಅದರ ಮೇಲೆ ಡೇಟಾವನ್ನು ಗೂಢಲಿಪಿಯಲ್ಲಿ ಸಾಗಿಸುವ ಓಪನ್‌ವಿಪಿಎನ್. ಅಲ್ಲಿ ಕಂಪ್ರೆಷನ್ ಪೂರ್ತಿ ಬಂದ್: ಗೂಢಲಿಪಿಗೆ ಮುಂಚೆ ಹಿಂಡಿದ ಪ್ಯಾಕೆಟ್‌ಗಳ ಉದ್ದ ನೋಡಿಯೇ ಒಳಗಿನ ಗುಟ್ಟನ್ನು ಊಹಿಸಬಹುದೆಂದು 2018ರ ವೊರಾಕಲ್ ದಾಳಿ ತೋರಿಸಿಕೊಟ್ಟಿತು. ಲೆಕ್ಕದ ಫೈಲನ್ನು ಮಾತ್ರ ಕಳುಹಿಸುವ ಮೊದಲು ಜಿಜಿಪ್ ಮಾಡಿಡುತ್ತೇವೆ.