ಪುದೀನ: ನಾಟಿಯ ಹೊತ್ತು, ಗೊಬ್ಬರದ ಹೊತ್ತು

ಒಂದು ಕಡ್ಡಿ ಚುಚ್ಚಿದರೆ ಸಾಕು, ಪುದೀನ ಎಲ್ಲಿ ಬೇಕಾದರೂ ಬರುತ್ತದೆ ಅನ್ನುತ್ತಾರೆ. ಬದುಕುತ್ತದೆ, ನಿಜ. ಆದರೆ ಕೊಯ್ದಷ್ಟೂ ಚಿಗುರಬೇಕು ಅಂದ್ರೆ ನಾಟಿಯ ಹೊತ್ತನ್ನೂ ಗೊಬ್ಬರದ ಹೊತ್ತನ್ನೂ ಒಟ್ಟಿಗೇ ಯೋಚಿಸಬೇಕು. ಸಾವಯವ ಗೊಬ್ಬರದಲ್ಲೇ ಬೆಳೆಯುವ ನನಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕ ಹಾಕಿದ ಕೂಡಲೇ ಗಿಡಕ್ಕೆ ಸಿಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದ ಮೇಲೆಯೇ ಬೇರು ಹೀರಿಕೊಳ್ಳುವುದು. ಮಣ್ಣು ತಣ್ಣಗಿದ್ದರೆ ಆ ಕೆಲಸ ತುಂಬಾ ನಿಧಾನ. ಅದಕ್ಕೇ ನಾಟಿಗೆ ಎರಡು ಮೂರು ವಾರ ಮೊದಲೇ, ಚದರ ಮೀಟರಿಗೆ 2ರಿಂದ 3 ಕೆಜಿಯಷ್ಟು ಚೆನ್ನಾಗಿ ಕಳಿತ ಗೊಬ್ಬರವನ್ನು ಮಣ್ಣಿಗೆ ಬೆರೆಸಿಡುತ್ತೇನೆ. ಕಳಿತಿದೆಯಾ ಅಂತ ಮೂಗಿನಿಂದಲೇ ತಿಳಿಯಬಹುದು. ಮಣ್ಣಿನ ವಾಸನೆ ಬರಬೇಕು, ಮೂಗಿಗೆ ಘಾಟು ಹೊಡೆಯಬಾರದು.

ನಾಟಿ ಮಾಡುವುದು ಚಳಿ ಬಿಡುವ ಹೊತ್ತಿಗೆ. ಮಣ್ಣಿನೊಳಗೆ ಹಬ್ಬಿದ ಬಿಳಿ ಹಂಬುಗಳನ್ನು ಅಗೆದು ತೆಗೆಯುತ್ತೇನೆ. ಮುರಿದರೆ ಪಟ್ ಅನ್ನಬೇಕು, ಒಳಗೆ ರಸ ಇರಬೇಕು. ಕಂದು ಬಣ್ಣಕ್ಕೆ ತಿರುಗಿ ಬೆಂಡಾದದ್ದು ಬೇಡ. ಮೂರು ನಾಲ್ಕು ಗೆಣ್ಣು ಇರುವಂತೆ ತುಂಡು ಮಾಡಿ, 4ರಿಂದ 5 ಸೆಂಟಿಮೀಟರ್ ಆಳದ ಗೆರೆಯಲ್ಲಿ ಅಡ್ಡಲಾಗಿ ಮಲಗಿಸಿ ಮಣ್ಣು ಎಳೆಯುತ್ತೇನೆ. ಗೆಣ್ಣಿನಲ್ಲಿ ಮೊದಲು ಕೂದಲಿನಂಥ ಬೇರು ಬರುತ್ತದೆ, ಆಮೇಲೆ ಮೊಳಕೆ. ಬಿಸಿಲು ಏರುವಷ್ಟರಲ್ಲಿ ಬೇರು ನಿಂತಿರುತ್ತದೆ. ಗೊಬ್ಬರವೂ ಅಷ್ಟೊತ್ತಿಗೆ ಬಿಡುಗಡೆ ಆಗತೊಡಗಿರುತ್ತದೆ.

ತಡ ಮಾಡಿದರೆ ಏನಾಗುತ್ತೆ? ಹಗಲು ಉದ್ದವಾದಾಗ ಹೂ ಬಿಡುವ ಗಿಡ ಇದು. ತಡವಾಗಿ ನೆಟ್ಟದ್ದು ಮೈ ತುಂಬಿಕೊಳ್ಳುವ ಮುಂಚೆಯೇ ಮೊಗ್ಗಿಗೆ ಹೋಗುತ್ತದೆ, ಪಕ್ಕದ ಕವಲು ಕಡಿಮೆ, ಸೊಪ್ಪೂ ಕಡಿಮೆ. ಆಗ ಎಷ್ಟು ಗೊಬ್ಬರ ಸುರಿದರೂ ಕಳೆದುಹೋದ ದಿನಗಳು ಸಿಗಲ್ಲ. ಜೋರು ಮಳೆಯಲ್ಲಿ ನೆಟ್ಟರೆ ಇನ್ನೊಂದು ತಾಪತ್ರಯ: ನೀರು ನಿಂತ ಕಡೆ ಹಂಬು ಕೊಳೆಯುತ್ತದೆ.

ಚಿಗುರು ನಾಲ್ಕು ಬೆರಳು ಎತ್ತರ ಬಂದಾಗ ಸಾಲಿನ ನಡುವೆ ಎರೆಗೊಬ್ಬರ ಉದುರಿಸಿ, ಮೇಲ್ಮಣ್ಣಲ್ಲಿ ಹಗುರಾಗಿ ಬೆರೆಸುತ್ತೇನೆ. ಬೇರು ಮೇಲ್ಪದರದಲ್ಲೇ ಇರುವುದರಿಂದ ಆಳವಾಗಿ ಕೆದಕಬಾರದು. ಪ್ರತಿ ಕೊಯ್ಲಿನ ನಂತರವೂ ಇಷ್ಟು ಬೇಕೇ ಬೇಕು. ನಾವು ಒಯ್ಯುವುದು ಎಲೆಯನ್ನು, ಸಾರಜನಕ ಜಾಸ್ತಿ ಇರುವುದೂ ಅಲ್ಲೇ, ಅಲ್ವಾ? ಬೇವಿನ ಹಿಂಡಿಯನ್ನೂ ಸ್ವಲ್ಪ ಸೇರಿಸುತ್ತೇನೆ, ಆದರೆ ಎಳೆ ಚಿಗುರಿನ ಬುಡಕ್ಕೆ ತಾಗಿಸುವುದಿಲ್ಲ.

ಸಾವಯವ ಅಂದ ಮಾತ್ರಕ್ಕೆ ಸುಮ್ನೆ ಸುರಿಯುತ್ತಾ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗುತ್ತದೆ, ಕಾಂಡ ಮೆತ್ತಗಾಗುತ್ತದೆ, ಗಿಡಗಳು ಒತ್ತಾಗಿ ಬೆಳೆದು ಒಳಗೆ ಗಾಳಿ ಆಡುವುದಿಲ್ಲ. ತುಕ್ಕು ರೋಗಕ್ಕೆ ಇಷ್ಟು ಸಾಕು. ಎಲೆ ತಿರುಗಿಸಿ ನೋಡಿ, ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿಯ ಚುಕ್ಕೆ ಕಂಡರೆ ಆ ಭಾಗವನ್ನು ನೆಲಮಟ್ಟಕ್ಕೆ ಕತ್ತರಿಸಿ ಹೊರಗೆ ಹಾಕಿ. ಗೊಬ್ಬರದ ಗುಂಡಿಗೆ ಮಾತ್ರ ಬೇಡ.

ಸೊಪ್ಪಿಗಾದರೆ ಮೊಗ್ಗು ಬರುವ ಮುಂಚೆಯೇ, ಬುಡದಲ್ಲಿ ಎರಡು ಗೆಣ್ಣು ಬಿಟ್ಟು ಕೊಯ್ಯಬೇಕು. ಎರಡು ಮೂರು ವರ್ಷವಾದ ಮೇಲೆ ಮಡಿಯ ನಡುಭಾಗ ಬೋಳಾಗುತ್ತಾ ಬರುತ್ತದೆ. ಆಗ ಅಂಚಿನ ಎಳೆ ಹಂಬುಗಳನ್ನು ಕಿತ್ತು, ಅದೇ ಚಳಿ ಬಿಡುವ ಹೊತ್ತಿಗೆ, ಮೊದಲೇ ಗೊಬ್ಬರ ಬೆರೆಸಿಟ್ಟ ಬೇರೆ ಮಡಿಗೆ ನಾಟಿ ಮಾಡುತ್ತೇನೆ.