ನಿಮ್ಮ ಫೋಟೋ, ಕೆಳಗೆ ‘ಚಿತ್ರ ಕೃಪೆ: ಅಂತರ್ಜಾಲ’. ಆಗ ಏನು ಮಾಡಬೇಕು?

ದಾಂಡೇಲಿಯಲ್ಲಿ ಮೂರು ದಿನ ಒಂದೇ ಮರದಿಂದ ದೂರದಲ್ಲಿ, ಮರೆಯಲ್ಲಿ ಕೂತು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಫೋಟೋ ತೆಗೆದಿದ್ದೆ. ಪೊಟರೆಯ ಬಾಯಲ್ಲಿ ಬೆರಳಗಲದ ಸೀಳು, ಒಳಗೆ ಕೂತ ಹೆಣ್ಣಿಗೆ ಗಂಡು ಹಕ್ಕಿ ಅತ್ತಿ ಹಣ್ಣು ದಾಟಿಸುತ್ತಿರುವ ಕ್ಷಣ. ಒಂದು ಭಾನುವಾರ ಗೆಳೆಯ ವಾಟ್ಸಾಪ್‌ನಲ್ಲಿ ಒಂದು ಪತ್ರಿಕೆಯ ಪುರವಣಿ ಪುಟ ಕಳಿಸಿದ. ಅದೇ ಫೋಟೋ, ಅರ್ಧ ಪುಟ! ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ ‘ಚಿತ್ರ ಕೃಪೆ: ಅಂತರ್ಜಾಲ’ ಅಂತ ಹಾಕಿದ್ದರು. ಹೊಟ್ಟೆ ಉರಿಯಿತು. ನಿಮಗೂ ಹೀಗಾದರೆ ಏನು ಮಾಡಬೇಕು ಅಂತ ಹೇಳುತ್ತೇನೆ.

ಮೊದಲು, ಸಿಟ್ಟಲ್ಲಿ ಕಾಮೆಂಟ್ ಹಾಕಬೇಡಿ. ಹಾಕಿದ ಐದೇ ನಿಮಿಷಕ್ಕೆ ಅವರು ಪೋಸ್ಟ್ ಅಳಿಸಿದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸುಮ್ನೆ ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್, ದಿನಾಂಕ, ಪುಟದ ಹೆಸರು ಎಲ್ಲ ಕಾಣುವ ಹಾಗೆ. ಪತ್ರಿಕೆಯಾದರೆ ಅಂಗಡಿಗೆ ಹೋಗಿ ಆ ದಿನದ ಒಂದು ಪ್ರತಿ ಕೊಂಡುಬನ್ನಿ, ಇ-ಪೇಪರ್ ನಂಬಿಕೊಂಡು ಕೂರಬೇಡಿ. ಫೋಟೋ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ನೋಡಿದರೆ ಬೇರೆಲ್ಲಿ ಬಳಸಿದ್ದಾರೆ ಅನ್ನುವುದೂ ಗೊತ್ತಾಗಬಹುದು.

ಆಮೇಲೆ ಫೋಟೋ ನಿಮ್ಮದೇ ಅನ್ನುವುದಕ್ಕೆ ಪುರಾವೆ. ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಓಡಾಡಿದ ಫೋಟೋದಲ್ಲಿ ಕ್ಯಾಮೆರಾ, ದಿನಾಂಕದ ವಿವರ ಉಳಿಯುವುದಿಲ್ಲ. ಹಾಗಾಗಿ ಮೂಲ ಫೈಲ್ ಬೇಕು, ರಾ (RAW, ಅಂದರೆ ಕ್ಯಾಮೆರಾದ ಕಚ್ಚಾ ಫೈಲ್) ಇದ್ದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಗಟ್ಟಿ ಪುರಾವೆ ಅಂದರೆ ಅದರ ಹಿಂದಿನ, ಮುಂದಿನ ಫ್ರೇಮ್‌ಗಳು. ಹಣ್ಣು ಗಂಡಿನ ಕೊಕ್ಕಿನ ತುದಿಯಲ್ಲಿರುವುದು, ಸೀಳಿನ ಹತ್ತಿರ ಬಂದಿರುವುದು, ಒಳಗೆ ಹೋದದ್ದು, ಎಲ್ಲವೂ ನನ್ನ ಹತ್ತಿರ ಇದ್ದವು. ಕದ್ದವರ ಹತ್ತಿರ ಇರುವುದು ಒಂದೇ ಫೋಟೋ ಅಲ್ವಾ? ‘ಚೆನ್ನಾಗಿ ಬರಲಿಲ್ಲ’ ಅಂತ ಪಕ್ಕದ ಫ್ರೇಮ್‌ಗಳನ್ನು ಅಳಿಸಬೇಡಿ.

ಕಾನೂನು ನಿಮ್ಮ ಕಡೆ ಇದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ, ನೋಂದಣಿ ಕಡ್ಡಾಯವಲ್ಲ. ಎರಡು ಸಂಗತಿ ಮಾತ್ರ ನೋಡಿಕೊಳ್ಳಿ. ದುಡ್ಡು ಪಡೆದು ತೆಗೆದ ಮದುವೆ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರ ಆಸ್ತಿ. ಆದರೂ ‘ಇದನ್ನು ತೆಗೆದದ್ದು ನಾನು’ ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ನಿಮ್ಮದಾಗಿಯೇ ಉಳಿಯುತ್ತದೆ. ಎಲ್ಲರ ಬಳಕೆಗೆ ಚಿತ್ರ ಹಂಚುವ ಜಾಲತಾಣ ವಿಕಿಮೀಡಿಯಾ ಕಾಮನ್ಸ್‌ಗೆ ‘ಹೆಸರು ಹಾಕಿ ಬಳಸಿ’ ಎನ್ನುವ ಪರವಾನಗಿಯಲ್ಲಿ ಏರಿಸಿದ್ದರೆ ಬಳಸಿದ್ದು ತಪ್ಪಲ್ಲ, ಹೆಸರು ಬಿಟ್ಟಿದ್ದು ತಪ್ಪು.

ಈಗ ಸಂಪಾದಕರಿಗೆ ಇಮೇಲ್ ಬರೆಯಿರಿ. ಚಿಕ್ಕದಾಗಿ, ಮರ್ಯಾದೆಯಿಂದ: ‘ಇಂಥ ದಿನ ಇಂಥ ಪುಟದಲ್ಲಿ ಬಂದ ಫೋಟೋ ನನ್ನದು. ಅನುಮತಿ ಕೇಳಿಲ್ಲ, ಹೆಸರೂ ಹಾಕಿಲ್ಲ. ನನ್ನ ಹೆಸರಿನೊಂದಿಗೆ ತಿದ್ದುಪಡಿ ಪ್ರಕಟಿಸಿ. ಬಳಕೆಯ ಶುಲ್ಕದ ಬಿಲ್ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರಿಸಿ.’ ಬಿಲ್ ಕಳಿಸಲು ಸಂಕೋಚ ಬೇಡ. ಮೊದಲೇ ಕೇಳಿದ್ದರೆ ಎಷ್ಟು ಹೇಳುತ್ತಿದ್ದಿರೋ ಅಷ್ಟೇ ಬರೆಯಿರಿ. ‘ಹೆಸರು ಹಾಕ್ತೀವಿ ಬಿಡಿ ಸರ್, ಪ್ರಚಾರ ಸಿಗುತ್ತೆ’ ಅನ್ನುತ್ತಾರೆ. ಹೆಸರು ಹಾಕುವುದು ಉಪಕಾರವಲ್ಲ, ಅದು ಬಿಲ್ಲಿಗೆ ಬದಲಿಯೂ ಅಲ್ಲ. ನನಗೆ ಫೋನಿನಲ್ಲಿ ಇದನ್ನೇ ಹೇಳಿದರು, ನಾನು ‘ಇಮೇಲ್‌ನಲ್ಲಿ ಬರೆದು ಕಳಿಸಿ’ ಅಂದೆ. ಮುಂದಿನ ಭಾನುವಾರ ಎರಡು ಸಾಲಿನ ತಿದ್ದುಪಡಿ ಬಂತು, ದುಡ್ಡಿಗೆ ಮತ್ತೂ ಎರಡು ತಿಂಗಳು ಬೆನ್ನು ಹತ್ತಬೇಕಾಯಿತು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳಾದರೆ ಅಲ್ಲೇ ಕಾಪಿರೈಟ್ ದೂರಿನ ಫಾರ್ಮ್ ಇದೆ, ತುಂಬಿ. ಪತ್ರಿಕೆ ಉತ್ತರವನ್ನೇ ಕೊಡದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ (ಪ್ರೆಸ್ ಕೌನ್ಸಿಲ್) ದೂರು ಕೊಡಬಹುದು. ಆದರೆ ಸಂಪಾದಕರಿಗೆ ಮೊದಲು ಬರೆದಿರಬೇಕು, ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು. ಮಂಡಳಿ ಛೀಮಾರಿ ಹಾಕಬಹುದು, ಪರಿಹಾರ ಕೊಡಿಸಲಾರದು. ಪರಿಹಾರ ಬೇಕಿದ್ದರೆ ವಕೀಲರ ನೋಟಿಸ್, ನಂತರ ಮೂರು ವರ್ಷದೊಳಗೆ ದಾವೆ. ಅದಕ್ಕಾಗಿ ಪತ್ರಿಕೆ ಇರುವ ಊರಿಗೆ ಅಲೆಯಬೇಕಿಲ್ಲ, ನೀವು ವಾಸವಿರುವ ಕಡೆಯ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು.